ಮಡ್ಡಿಗುಂಡಿಯ ಹಕ್ಕುದಾರರು

ತಿ. ನರಸೀಪುರ
4 ಆಗಸ್ಟ್ 2025

ಸುನೀತಾ,

ನೀನು ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಕ್ಷೇಮಸಮಾಚಾರ ಆಮೇಲೆ.

ಆಲೆಮನೆಯ ಗುಂಡಿಯಲ್ಲಿ ಸಿಕ್ಕಿದ ಸೂಕ್ಷ್ಮಜೀವಿಗೆ ನಮ್ಮ ಕೇರಿಯ ಹೆಸರಿಡುತ್ತೇನೆ ಅಂದೆ. ಇಟ್ಟಿರುವುದು ‘ಎಂ.ಎಸ್. ಏಳು’. ಎಂ.ಎಸ್. ಅಂದರೆ ಮಹಾದೇವಸ್ವಾಮಿ, ಆಲೆಮನೆಯ ಧಣಿ.

ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಅದರಿಂದ ಅನಿಲ ತೆಗೆಯುವ ಶೆಡ್ಡು ಶುರುವಾದ ವರ್ಷವೇ ನನ್ನನ್ನು ಕಾಯಂ ಮಾಡಿಸುತ್ತೇನೆ ಅಂದೆ. ಎರಡು ವರ್ಷವಾಯಿತು. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನಲ್ಲಿ ಈಗಲೂ ‘ಗುತ್ತಿಗೆ’ ಅಂತಲೇ ಇದೆ.

ಮೊದಲ ಅನಿಲದಲ್ಲಿ ನಮ್ಮ ಕೇರಿಯ ಅಂಗನವಾಡಿ ಮಕ್ಕಳಿಗೆ ಅನ್ನ ಬೇಯಿಸೋಣ ಅಂದೆ. ಅದು ಸುರಕ್ಷತೆಯ ನಿಯಮಕ್ಕೆ ವಿರುದ್ಧವಂತೆ. ಸೂಟು ಹಾಕಿಕೊಂಡು ಬಂದವರಿಗೆ ಅದರಲ್ಲಿ ಟೀ ಕಾಯಿಸಿ ತೋರಿಸುವುದು ವಿರುದ್ಧವಲ್ಲ.

ನೀನು ಪುಣೆಯ ಪ್ರಯೋಗಾಲಯಕ್ಕೆ ಹೋಗುವ ಆರು ತಿಂಗಳು ಶೆಡ್ಡಿನ ಬೀಗದಕೈ ನನ್ನ ಹತ್ತಿರ ಅಂದೆ. ಅದು ಈಗ ತೇಜಸ್ವಿನಿಯ ಸ್ಕೂಟರಿನ ಗೊಂಚಲಲ್ಲಿ ಓಲಾಡುತ್ತಿದೆ. ತೇಜಸ್ವಿನಿ ಯಾರು? ಅದೇ ಮಹಾದೇವಸ್ವಾಮಿಯ ಮಗಳು.

ಇಷ್ಟು. ನಾನು ಕ್ಷೇಮ.

ಫೋನ್ ಯಾಕೆ ತೆಗೆಯುವುದಿಲ್ಲ ಅಂತ ಮೆಸೇಜು ಹಾಕಿದ್ದೀಯ. ಫೋನಿನಲ್ಲಿ ನಾನು ಬಾಯಿ ಬಿಟ್ಟ ತಕ್ಷಣ ‘ಅಣ್ಣ, ಮೀಟಿಂಗ್ ಅದೆ, ಆಮೇಲ್ ಮಾಡ್ತೀನಿ’ ಅಂತೀಯ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲ. ಸಂಘಟನೆ ನನಗೆ ಕಲಿಸಿದ್ದು ಅದೊಂದೇ: ಬರೆದು ಕೊಡು, ಸಹಿ ಹಾಕು, ನಕಲು ಇಟ್ಟುಕೋ. ಇದರ ನಕಲೂ ನನ್ನ ಟ್ರಂಕಿನಲ್ಲಿದೆ.

ನಿಮ್ಮ ಇಂಗ್ಲಿಷ್ ಲೇಖನವನ್ನು ಓದಿಸಿ ಅರ್ಥ ಹೇಳಿಸಿಕೊಂಡೆ. ಎಪ್ಪತ್ತು ಡಿಗ್ರಿ ಬಿಸಿಯಲ್ಲಿ ಬದುಕುವ, ಸಕ್ಕರೆ ತಿಂದು ಜಲಜನಕ ಬಿಡುವ ಬ್ಯಾಕ್ಟೀರಿಯಾ ಮೈಸೂರು ಜಿಲ್ಲೆಯ ಆಲೆಮನೆಯೊಂದರ ತ್ಯಾಜ್ಯದಲ್ಲಿ ‘ದೊರೆಯಿತು’ ಅಂತ ಇದೆ. ದೊರೆಯಿತಂತೆ! ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಕೊಡೆಯ ಹಾಗೆ. ಹದಿನೆಂಟು ವರ್ಷ ಆ ಒಲೆಗೆ ಉರಿ ಹಾಕಿದವನು ನಾನು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ಬಾಚಿ ಒಲೆಗೋಡೆಯ ಪಕ್ಕದ ಗುಂಡಿಗೆ ಸುರಿದವನು ನಾನು. ಕೈಯಿಟ್ಟರೆ ಚರ್ಮ ಸುಲಿಯುವಂಥ ಬಿಸಿಯಲ್ಲೂ ಆ ಗುಂಡಿ ಗುಳುಗುಳು ಅನ್ನುತ್ತದೆ, ಒಳಗೆ ಏನೋ ಬದುಕಿದೆ ಅಂತ ಕಂಡವನು ನಾನು. ಬೀಡಿ ಹಚ್ಚಲು ಬಗ್ಗಿ, ಟಪ್ ಅಂತ ಹತ್ತಿಕೊಂಡು, ಅರ್ಧ ಮೀಸೆ ಕಳೆದುಕೊಂಡವನೂ ನಾನೇ. ಕೇರಿಯೆಲ್ಲ ನಕ್ಕಿತು. ನೀನೂ ನಕ್ಕೆ. ಆಗ ನೀನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ನಗುತ್ತಿದ್ದವಳು ಹತ್ತಿರ ಬಂದು, ‘ಅಣ್ಣ, ಇನ್ನೊಂದ್ಸಲ ಹೇಳು. ಎಷ್ಟ್ ಬಿಸಿ ಇತ್ತು?’ ಅಂದೆ. ಮಾರನೇ ದಿನ ಟೀ ಫ್ಲಾಸ್ಕು ಹಿಡಿದುಕೊಂಡು ಬಂದೆ. ತುಂಬಿ ಕೊಟ್ಟವನು ನಾನು.

ಈಗ ಆ ತೇಜಸ್ವಿನಿ ನನಗೆ ಹೇಳುತ್ತಾಳೆ, ‘ಅಣ್ಣ, ಟೆಂಪರೇಚರ್ ಎರಡು ಡಿಗ್ರಿ ಇಳಿದದೆ, ನೋಡ್ಕಳಿ.’ ಅವರಪ್ಪನ ಒಲೆಯ ಉರಿಯನ್ನು ಬರಿಗಣ್ಣಲ್ಲಿ ಅಳೆದವನಿಗೆ!

ಹೊಟ್ಟೆಕಿಚ್ಚು ಅಂತೀಯಾ? ಹೌದು, ಹೊಟ್ಟೆಕಿಚ್ಚೇ. ಹೋರಾಟದವರಿಗೆ ಅದು ಇರಬಾರದು ಅಂತ ನಾವು ಹಂಚಿದ ಯಾವ ಕರಪತ್ರದಲ್ಲೂ ಬರೆದಿರಲಿಲ್ಲ.

ಉತ್ತರ ಬೇಕು.

ಜೈ ಭೀಮ್,
ಚನ್ನಯ್ಯ


ಪುಣೆ
17 ಆಗಸ್ಟ್ 2025

ಅಣ್ಣ,

ನಿನ್ನ ಪಟ್ಟಿ ತಲುಪಿತು. ತಹಸೀಲ್ದಾರರಾಗಿದ್ದರೆ ಸ್ವೀಕೃತಿಯ ಮೊಹರು ಹಾಕಿ ಮೂಲೆಗಿಡುತ್ತಿದ್ದರು. ನಾನು ಉತ್ತರ ಬರೆಯುತ್ತಿದ್ದೇನೆ.

ಹೆಸರಿನ ವಿಷಯ. ಮಾದರಿ ಕಳಿಸುವಾಗ ತುಂಬುವ ಫಾರಮ್ಮಿನಲ್ಲಿ ಜಮೀನಿನ ಮಾಲೀಕರ ಹೆಸರಿಗೆ ಒಂದು ಕಾಲಂ ಇತ್ತು. ಮಡ್ಡಿ ಬಾಚಿದವರ ಹೆಸರಿಗೆ ಇರಲಿಲ್ಲ. ಇಲ್ಲದಿದ್ದರೂ ಪಕ್ಕದಲ್ಲಿ ಗೆರೆ ಎಳೆದು ಬರೆಯಬಹುದಿತ್ತು. ಬರೆಯಲಿಲ್ಲ. ಅರ್ಜಿ ವಾಪಸ್ಸು ಬಂದುಬಿಟ್ಟರೆ ಅನ್ನುವ ಒಂದೇ ಭಯ ಆ ದಿನ ನನಗಿದ್ದದ್ದು. ಅದು ನನ್ನ ತಪ್ಪು. ಇದನ್ನೂ ಟ್ರಂಕಿನಲ್ಲಿಟ್ಟುಕೋ.

ಕಾಯಂ ವಿಷಯ. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ: ನಾನೂ ಗುತ್ತಿಗೆಯೇ. ನನ್ನ ಕಾರ್ಡು ನುಣ್ಣಗಿದೆ, ಅದರಲ್ಲಿ ಬರೆದಿರುವುದು ಸಣ್ಣ ಅಕ್ಷರದಲ್ಲಿದೆ, ಅಷ್ಟೇ ವ್ಯತ್ಯಾಸ.

ಬೀಗದಕೈ ವಿಷಯ. ಲಾಗ್ ಪುಸ್ತಕ ಬರೆಯುವುದಿಲ್ಲ ಅಂತ ಹಠ ಹಿಡಿದವನು ನೀನು. ‘ಕಣ್ಣಲ್ ನೋಡಿವ್ನಿ, ಸಾಕು’ ಅಂದೆ. ನಿನ್ನ ಕಣ್ಣನ್ನು ನಾನು ಪುಣೆಯಿಂದ ಓದಲಾರೆ ಅಣ್ಣ. ಆ ಹುಡುಗಿ ಗಂಟೆಗೊಮ್ಮೆ ಬರೆಯುತ್ತಾಳೆ. ಅವಳನ್ನು ಎಲ್ಲರ ಮುಂದೆ ‘ಧಣೇರ ಮಗಳೇ’ ಅಂತ ಕರೆಯುತ್ತೀಯಂತೆ. ಅವಳು ದೂರು ಹೇಳಲಿಲ್ಲ. ಎಲೆಕ್ಟ್ರಿಷಿಯನ್ ನಂಜುಂಡ ಫೋನಿನಲ್ಲಿ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಮೈಕ್ ಹಿಡಿಯುವುದನ್ನು ನಾನು ಕಲಿತದ್ದು ನಿನ್ನಿಂದ. ಹತ್ತನೇ ವಯಸ್ಸಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ‘ಎದೆಯಿಂದ ಕೂಗು, ಗಂಟ್ಲಿಂದ ಅಲ್ಲ’ ಅಂದವನು ನೀನು. ಅದಕ್ಕೇ ನಿನ್ನನ್ನು ನೇರವಾಗಿ ಕೇಳುತ್ತೇನೆ. ಬೀಗದಕೈಯನ್ನು ನಮ್ಮ ಕೇರಿಯವನಿಗೇ, ಮಾದಣ್ಣನ ಮಗ ಸಿದ್ಧಾರ್ಥನಿಗೆ ಕೊಟ್ಟಿದ್ದರೆ ನಿನ್ನ ಹೊಟ್ಟೆ ತಣ್ಣಗಿರುತ್ತಿತ್ತಾ? ಯೋಚಿಸಿ ಬರೆ.

ಅಂಗನವಾಡಿಯ ಮಾತು ಬಾಕಿ ಅಂತಲೇ ಬರೆದಿಟ್ಟುಕೋ.

ನಿನ್ನ,
ಸುನೀತಾ


ತಿ. ನರಸೀಪುರ
7 ಸೆಪ್ಟೆಂಬರ್ 2025

ಸುನೀತಾ,

ಯೋಚಿಸಿದೆ. ಇಲ್ಲ. ಸಿದ್ಧಾರ್ಥನಿಗೆ ಕೊಟ್ಟಿದ್ದರೂ ಉರಿಯುತ್ತಿತ್ತು. ಆದರೆ ಆ ಉರಿಯನ್ನು ಬಾಯಿ ಬಿಟ್ಟು ಹೇಳಲು ನನಗೆ ಮುಖವಿರುತ್ತಿರಲಿಲ್ಲ. ತೇಜಸ್ವಿನಿಯ ಮೇಲಾದರೆ ಇದೆ. ಮೂರು ತಲೆಮಾರಿನ ಕಾರಣ ಇದೆ. ಅವಳ ತಾತ ಆಲೆಮನೆಯ ಹೊರಗೆ ನಮ್ಮಪ್ಪನ ಬೊಗಸೆಗೆ ಎತ್ತರದಿಂದ ಕಬ್ಬಿನ ಹಾಲು ಸುರಿಯುತ್ತಿದ್ದ. ಅವಳಪ್ಪನ ಕಾಲಕ್ಕೆ ನನಗೊಂದು ಬೇರೆ ಲೋಟ ಬಂತು, ಹಂಚಿನ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದದ್ದು. ಇವಳು ತನ್ನ ಫ್ಲಾಸ್ಕಿನ ಮುಚ್ಚಳದಲ್ಲೇ ನನಗೆ ಟೀ ಬಗ್ಗಿಸಿ, ನಾನು ಕುಡಿದ ಮೇಲೆ ಒರೆಸದೆ ತಾನೂ ಕುಡಿಯುತ್ತಾಳೆ. ಇದನ್ನು ನೋಡಿ ನನಗೆ ಖುಷಿಯಾಗಬೇಕು ತಾನೇ? ಇದಕ್ಕೇ ತಾನೇ ಬೀದಿಗಿಳಿದದ್ದು? ಆಗುವುದಿಲ್ಲ. ಎಲ್ಲ ಅವಳಿಗೆ ಎಷ್ಟು ಸಲೀಸು ಅಂತಲೇ ಲೆಕ್ಕ ಹಾಕುತ್ತಾ ಕೂರುತ್ತೇನೆ.

ಹೋದ ವಾರ ಪೇಪರಿನವರು ಬಂದಿದ್ದರು. ಬರ್ನರ್ ಹಚ್ಚಿದಳು. ಅದರ ಉರಿ ಹಗಲಲ್ಲಿ ಕಾಣುವುದಿಲ್ಲ, ನಿನಗೆ ಗೊತ್ತು. ಸ್ಟೀಲ್ ಚೊಂಬನ್ನು ಬೋರಲಾಗಿ ಹಿಡಿದು, ಒಳಗೆ ಕಟ್ಟಿದ ಹನಿಗಳನ್ನು ಬೆರಳಲ್ಲಿ ತೆಗೆದು ಆ ಪತ್ರಕರ್ತನ ಅಂಗೈಗೆ ಒರೆಸಿದಳು. ‘ನೋಡಿ ಸರ್, ಇದ್ ಉರುದ್ರೆ ಹೊಗೆ ಬರಲ್ಲ. ನೀರು ಬತ್ತದೆ.’ ಅವನು ಬಾಯಿ ಬಿಟ್ಟುಕೊಂಡು ನಿಂತ. ಫೋಟೋ ಹೊಡೆದರು. ನನ್ನ ಕಡೆ ನೋಡಿ ‘ಇವರು?’ ಅಂದ. ‘ಚನ್ನಯ್ಯಣ್ಣ ಅಂತ. ಇದನ್ನ ಮೊದ್ಲು ಕಂಡಿದ್ದೇ ಇವ್ರು. ಬರ್ಕಳಿ ಸರ್’ ಅಂದಳು. ಅವನು ಬರೆದುಕೊಂಡ. ಪೇಪರಿನಲ್ಲಿ ಬರಲಿಲ್ಲ.

ಬಾರದ್ದಕ್ಕಿಂತ ಅವಳು ಹೇಳಿದ್ದೇ ನನಗೆ ಹೆಚ್ಚು ಚುಚ್ಚಿತು. ನನ್ನ ಹೆಸರನ್ನು ಅವಳ ಕೈಯಿಂದ ಇಸಿದುಕೊಳ್ಳಬೇಕಾಯಿತಲ್ಲ!

ಇನ್ನೊಂದು. ಬ್ಯಾಕ್ಟೀರಿಯಾ ಬೆಳೆಯುವ ಟ್ಯಾಂಕಿಗೆ ಬಾಳೆದಿಂಡಿನ ರಸ ಹಾಕೋಣ, ನಂಜನಗೂಡಿನ ತೋಟಗಳಲ್ಲಿ ಗೊನೆ ಕಡಿದ ಮೇಲೆ ಸುಮ್ಮನೆ ಕೊಳೆಯುತ್ತದೆ ಅಂತ ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ನೀನು ‘ನೋಡೋಣ ಅಣ್ಣ’ ಅಂದೆ. ಅವಳು ನೋಡೋಣ ಅನ್ನಲಿಲ್ಲ. ಸ್ಕೂಟರಿನಲ್ಲೇ ದಿಂಡು ಹೇರಿಕೊಂಡು ಬಂದಳು. ಮೂರೇ ದಿನದಲ್ಲಿ ಅನಿಲ ಏರಿತು. ಟ್ಯಾಂಕಿನ ಮೈಮೇಲೆ ಕೈಯಿಟ್ಟು ‘ಏನಮ್ಮ, ಇದ್ ಹಿಡುಸ್ತಾ?’ ಅಂತ ಮಾತಾಡಿಸುತ್ತಾಳೆ. ಅದೂ ಕೇಳುವವರ ಹಾಗೆ ಗುಳುಗುಟ್ಟುತ್ತದೆ.

ಹದಿನೆಂಟು ವರ್ಷ ನನ್ನ ಜೊತೆ ಗುಳುಗುಟ್ಟಿದ್ದು, ಸುನೀತಾ. ಹೆಂಡತಿಯನ್ನು ಬೇರೆಯವರ ಜೊತೆ ನಗುತ್ತಿರುವಾಗ ಕಂಡವನ ಹಾಗಾಗಿದೆ ನನ್ನ ಪಾಡು. ಇದನ್ನು ಮಹದೇವಮ್ಮನಿಗೆ ಹೇಳಿದರೆ ಕಣ್ಣೊರೆಸಿಕೊಂಡು ನಕ್ಕಳು. ‘ಬ್ಯಾಟ್ರಿ ಲೈಟ್ ಬುಟ್ಟು ನೋಡುದ್ರೂ ಕಾಣದ್ ಉಳಕ್ಕೆಲ್ಲ ವಟ್ಟೆಕಿಚ್ಚು ಪಡೋ ಗಂಡ್ಸು ನಂಗೇ ಸಿಗಬೇಕಿತ್ತಾ’ ಅಂದಳು.

ಜೈ ಭೀಮ್,
ಚನ್ನಯ್ಯ


ಪುಣೆ
20 ಸೆಪ್ಟೆಂಬರ್ 2025

ಅಣ್ಣ,

ಅತ್ತಿಗೆಯ ಮಾತು ಓದಿ ಪ್ರಯೋಗಾಲಯದಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಈಗ ಕೆಲಸದ ಮಾತು. ನವೆಂಬರ್ ಕೊನೆಗೆ ದೊಡ್ಡ ತಪಾಸಣೆ ಇದೆ. ಎರಡು ತಿಂಗಳು ಅನಿಲ ಎಡೆಬಿಡದೆ ಬಂದಿದೆ ಅಂತ ತೋರಿಸಿದರೆ ಹತ್ತರಷ್ಟು ದೊಡ್ಡ ಟ್ಯಾಂಕು. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ಎಲ್ಲರೂ ಮನೆಗೆ.

ಅಕ್ಟೋಬರ್ ಒಂದಕ್ಕೆ ಆಯುಧಪೂಜೆ. ತಾಂಡ್ಯದ ಶೆಡ್ಡುಗಳಲ್ಲೆಲ್ಲ ಮೆಶಿನ್ ತೊಳೆದು, ಆರಿಸಿ, ಕುಂಕುಮ ಹಚ್ಚಿ, ಮಾರನೇ ದಿನದವರೆಗೆ ಮುಟ್ಟುವುದಿಲ್ಲ. ನಮ್ಮ ಮ್ಯಾನೇಜರೂ ಅದನ್ನೇ ಹೇಳುತ್ತಾರೆ. ಪಂಪು, ಮೋಟಾರು ಏನು ಬೇಕಾದರೂ ಆರಿಸಲಿ. ಟ್ಯಾಂಕಿನ ಹೀಟರ್ ಮಾತ್ರ ಆರಬಾರದು. ನೀನೇ ಒಮ್ಮೆ ಹೇಳಿದ್ದೆ, ಆಲೆಮನೆಯ ಒಲೆಗೆ ಹಬ್ಬದ ರಜೆ ಕೊಟ್ಟ ವರ್ಷಗಳಲ್ಲಿ ಗುಂಡಿ ಉಗುರುಬೆಚ್ಚಗಾಗಿ, ಹುಳಿನಾತ ಹಿಡಿದು, ಮತ್ತೆ ಗುಳುಗುಟ್ಟಲು ಎರಡು ತಿಂಗಳು ಬೇಕಾಗುತ್ತಿತ್ತು ಅಂತ. ತಣ್ಣಗಾದರೆ ಈ ಬ್ಯಾಕ್ಟೀರಿಯಾ ಬೀಜ ಕಟ್ಟಿಕೊಂಡು ಮಲಗುತ್ತದೆ, ಸಾಯುವುದಿಲ್ಲ ಅಂತ ಪುಸ್ತಕದಲ್ಲಿದೆ. ಅದು ಮಲಗಿದ ಹೊತ್ತಿನಲ್ಲಿ ಬೇರೆ ಕ್ರಿಮಿಗಳು ಬಂದು ಅದರ ಊಟ ತಿಂದು, ಟ್ಯಾಂಕನ್ನು ಹುಳಿ ಮಾಡಿ, ಅದಕ್ಕೆ ಜಾಗವಿಲ್ಲದ ಹಾಗೆ ಮಾಡುತ್ತವೆ ಅನ್ನುವುದು ನಿನ್ನ ಗುಂಡಿಯಿಂದ ನಾನು ಕಲಿತದ್ದು.

ತೇಜಸ್ವಿನಿ ಪುಸ್ತಕವನ್ನಷ್ಟೇ ಓದಿದ್ದಾಳೆ. ಅವಳಿಗೆ ನೀನು ಹೇಳು. ನಾನು ಬೇಕೆಂದೇ ಅವಳಿಗೆ ಬರೆದಿಲ್ಲ. ಅದು ನಿನ್ನ ತಿಳುವಳಿಕೆ, ನಿನ್ನ ಬಾಯಿಂದಲೇ ಹೋಗಲಿ. ಹಬ್ಬವಿರುವ ಮನೆ ಅವಳದು. ಬೌದ್ಧ ದೀಕ್ಷೆ ತೆಗೆದುಕೊಂಡು ಈ ಹಬ್ಬ ಬಿಟ್ಟವನು ಶೆಡ್ಡಿನಲ್ಲಿ ನೀನೊಬ್ಬನೇ. ಆ ಎರಡು ದಿನ ಟ್ಯಾಂಕು ನಿನ್ನದು.

ನಿನ್ನ,
ಸುನೀತಾ


ತಾಂಡ್ಯ
4 ಅಕ್ಟೋಬರ್ 2025

ಸುನೀತಾ,

ನಿನಗೆ ಸುದ್ದಿ ತಲುಪಿರಬೇಕು. ಒಂದನೇ ತಾರೀಖು ಬೆಳಿಗ್ಗೆ ಹತ್ತರಿಂದ ಎರಡನೇ ತಾರೀಖು ಮಧ್ಯಾಹ್ನದವರೆಗೆ ಹೀಟರ್ ಆರಿತ್ತು. ಟ್ಯಾಂಕು ಮೂವತ್ತೆರಡು ಡಿಗ್ರಿಗೆ ಬಂತು. ಹುಳಿನಾತ. ಅನಿಲ ಇಲ್ಲ.

ಶೆಡ್ಡಿನ ಹೊಣೆ ಹೊತ್ತಿದ್ದವರು ತೇಜಸ್ವಿನಿ. ಲಾಗ್ ಪುಸ್ತಕದಲ್ಲಿ ಅವರ ಸಹಿ ಇದೆ.

ಚನ್ನಯ್ಯ


ಪುಣೆ
12 ಅಕ್ಟೋಬರ್ 2025

ಅಣ್ಣ,

ಲಾಗ್ ಪುಸ್ತಕದ ಫೋಟೋ ನನಗೂ ಬಂದಿದೆ. ‘ಪೂಜೆ ಪ್ರಯುಕ್ತ ಹೀಟರ್ ಆಫ್. ನನ್ನ ನಿರ್ಧಾರ. ತೇಜಸ್ವಿನಿ.’ ದುಂಡಗೆ ಬರೆದಿದ್ದಾಳೆ.

ಕಂಪನಿಯವರು ಅವಳನ್ನು ಅಮಾನತು ಮಾಡಿದ್ದಾರೆ. ನವೆಂಬರ್ ಹತ್ತಕ್ಕೆ ವಿಚಾರಣೆ, ನಾನೂ ಬರಬೇಕು. ಅವತ್ತು ತೆಗೆದುಹಾಕುತ್ತಾರೆ. ‘ಬೇಜವಾಬ್ದಾರಿ’ ಅಂತ ಬರೆದ ಕಾಗದ ಕೊಟ್ಟೇ ಕಳಿಸುತ್ತಾರೆ. ಆ ಕಾಗದ ಹಿಡಿದುಕೊಂಡು ಹೋದರೆ ಯಾವ ಪ್ರಯೋಗಾಲಯವೂ ಅವಳಿಗೆ ಬಾಗಿಲು ತೆಗೆಯುವುದಿಲ್ಲ. ಕೆಲಸದಲ್ಲಿ ನೆಲೆ ನಿಲ್ಲಲು ಮಗಳಿಗೆ ಮಹಾದೇವಸ್ವಾಮಿಯವರು ಕೊಟ್ಟಿದ್ದದ್ದು ಎರಡು ವರ್ಷದ ಗಡುವು. ಇದು ಎರಡನೆಯ ವರ್ಷ.

‘ಹೀಟರ್ ಆರಿತ್ತು’ ಅಂತ ಬರೆದಿದ್ದೀಯ. ಎರಡೇ ಪ್ರಶ್ನೆ. ಇಪ್ಪತ್ತನೇ ತಾರೀಖಿನ ನನ್ನ ಕಾಗದ ನಿನಗೆ ತಲುಪಿತ್ತಾ? ತಲುಪಿದ್ದರೆ, ಅವಳಿಗೆ ಹೇಳಿದೆಯಾ?

ನಾನು ಅವಳಿಗೇ ಬರೆಯಬೇಕಿತ್ತು. ನಿನಗೊಂದು ಗೌರವ ಕೊಡುತ್ತಿದ್ದೇನೆ ಅಂದುಕೊಂಡೆ.

ಸುನೀತಾ


ತಿ. ನರಸೀಪುರ
19 ಅಕ್ಟೋಬರ್ 2025

ಚನ್ನಯ್ಯಣ್ಣನವರಿಗೆ ತೇಜಸ್ವಿನಿಯ ನಮಸ್ಕಾರ.

ನೀವು ಫೋನ್ ತೆಗೆಯುವುದಿಲ್ಲ ಅಂತ ನಂಜುಂಡಣ್ಣ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶೆಡ್ಡಿಗೆ ಕಾಲಿಡಬೇಡ ಅಂದಿದ್ದಾರೆ. ಆದ್ದರಿಂದ ನಮ್ಮ ಆಲೆಮನೆಯ ಒಲೆ ಪಕ್ಕದಲ್ಲೇ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಗಳನ್ನಿಟ್ಟು ಮತ್ತೆ ಬೆಳೆಸಲು ನೋಡುತ್ತಿದ್ದೇನೆ. ತಪಾಸಣೆಗೆ ಎರಡು ತಿಂಗಳ ಲೆಕ್ಕ ಸಿಗುವುದಿಲ್ಲ, ಗೊತ್ತು. ಟ್ಯಾಂಕು ಮತ್ತೆ ಎದ್ದಿದೆ ಅಂತಾದರೂ ಸುನೀತಾ ಮೇಡಂ ತೋರಿಸಬಹುದು, ಗಡುವು ಕೇಳಬಹುದು. ಗುಂಡಿಯಿಂದ ಮೂರು ಸಲ ಮಡ್ಡಿ ತೆಗೆದು ಹಾಕಿದೆ. ಹಿಡಿಯಲಿಲ್ಲ. ನೀವು ಎಲ್ಲಿಂದ ತೆಗೆದಿದ್ದಿರಿ? ಮೇಲಿನದಾ, ತಳದ್ದಾ? ಬರೆದು ತಿಳಿಸಿ.

ಅಪ್ಪ ಬಾಟಲಿ ನೋಡಿದಾಗಲೆಲ್ಲ, ‘ಬೆಲ್ಲ ಕಾಯ್ಸೋ ಜಾಗದಲ್ಲಿ ಅದೇನವ್ವ ಔಷ್ದಿ ಅಂಗಡಿ’ ಅಂತಾರೆ. ಒಳಗೊಳಗೇ ಖುಷಿಯಾಗಿದ್ದಾರೆ.

ಇನ್ನೊಂದು ಮಾತು. ವಿಚಾರಣೆಯಲ್ಲಿ ನಿಮ್ಮ ಹೆಸರು ಹೇಳುವುದಿಲ್ಲ. ಹಿರಿಯರನ್ನು ಕೇಳಿದೆ, ನೀವು ನಿಮಗೆ ತೋಚಿದ್ದು ಹೇಳಿದಿರಿ. ಕೇಳಿದ ಮೇಲೆ ತೀರ್ಮಾನಿಸಿದ್ದು ನಾನು. ಬೀಗದಕೈ ನನ್ನ ಹತ್ತಿರ ಇತ್ತು.

ಇತಿ,
ತೇಜಸ್ವಿನಿ


ತಿ. ನರಸೀಪುರ
2 ನವೆಂಬರ್ 2025

ಸುನೀತಾ,

ನಿನ್ನ ಎರಡು ಪ್ರಶ್ನೆಗೆ ಉತ್ತರ. ಕಾಗದ ತಲುಪಿತ್ತು, ಸೆಪ್ಟೆಂಬರ್ ಇಪ್ಪತ್ತೈದಕ್ಕೆ. ಅವಳಿಗೆ ಹೇಳಲಿಲ್ಲ.

ಹೇಳದೆ ಇದ್ದದ್ದಷ್ಟೇ ಆಗಿದ್ದರೆ ಮರೆತೆ ಅನ್ನಬಹುದಿತ್ತು. ನಡೆದದ್ದು ಹೀಗೆ.

ಪೂಜೆಯ ಬೆಳಿಗ್ಗೆ ಪಂಪು, ಮೋಟಾರು ಎಲ್ಲ ತೊಳೆದಾಗಿತ್ತು. ನಂಜುಂಡ ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದ. ಮ್ಯಾನೇಜರು ‘ಎಲ್ಲಾ ಆಫ್ ಮಾಡ್ರಪ್ಪ, ರಾಹುಕಾಲ ಬತ್ತದೆ’ ಅಂತ ಅವಸರ ಮಾಡುತ್ತಿದ್ದರು. ಟ್ಯಾಂಕಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ತೇಜಸ್ವಿನಿ ಹೀಟರಿನ ಸ್ವಿಚ್ಚಿನ ಮುಂದೆ ನಿಂತಿದ್ದಳು, ಕೈ ಮುಂದೆ ಮಾಡುತ್ತಾಳೆ, ಹಿಂದೆ ತೆಗೆಯುತ್ತಾಳೆ. ಆಮೇಲೆ ನನ್ನ ಹತ್ತಿರ ಬಂದಳು.

‘ಚನ್ನಯ್ಯಣ್ಣ, ಇದನ್ನ ಏನ್ ಮಾಡೋದು? ಬುಕ್ಕಲ್ಲಿ ತಡೀತದೆ ಅಂತದೆ. ನಂಗ್ಯಾಕೋ ಧೈರ್ಯ ಬತ್ತಿಲ್ಲ. ಉರಿ ವಿಷ್ಯ ನಿಮಗ್ ಗೊತ್ತಿರೋವಷ್ಟು ಯಾರ್ಗೂ ಗೊತ್ತಿಲ್ಲ. ನೀವೇ ಹೇಳಿ.’

ಕೇಳಿಸಿಕೊಂಡೆಯಾ ಸುನೀತಾ? ಎರಡು ವರ್ಷದಿಂದ ನಾನು ಯಾವ ಮಾತಿಗೆ ಕಾದು ಕೂತಿದ್ದೆನೋ ಅದೇ ಮಾತು. ಮ್ಯಾನೇಜರ ಎದುರು, ನಂಜುಂಡನ ಎದುರು, ಬೀಗದಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದು ನನ್ನನ್ನು ಕೇಳಿದಳು. ನಿನ್ನ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು. ಆರಿಸಬೇಡ ಕಣಮ್ಮ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು.

ನಾನು ಅಂದೆ, ‘ಎಲ್ಲಾ ಮೆಶೀನ್‌ಗೂ ರಜಾ ಕೊಟ್ಬುಟ್ಟು ಇದುಕ್ ಮಾತ್ರ ಇಲ್ಲ ಅಂದ್ರೆ ಎಂಗಮ್ಮ? ಇದೇನ್ ಬ್ಯಾರೆ ಜಾತಿಯಾ?’

ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು. ಅವಳ ಮುಖ ಕೆಂಪಾಯಿತು. ಆ ಮಾತು ನನ್ನ ಬಾಯಿಂದ ಬಂದ ಮೇಲೆ ಮಹಾದೇವಸ್ವಾಮಿಯ ಮಗಳು ಏನು ಉತ್ತರ ಕೊಡಬಲ್ಲಳು? ಕೊಡಲಾರಳು ಅಂತ ಗೊತ್ತಿದ್ದೇ ಆಡಿದೆ. ಹೋಗಿ ಸ್ವಿಚ್ ಆರಿಸಿದಳು. ಆ ಒಂದು ಪದವನ್ನು ಎತ್ತಿ ಆಡಲು ನಮ್ಮವರು ಎಷ್ಟು ಏಟು ತಿಂದಿದ್ದಾರೆ, ಎಷ್ಟು ಜನ ಜೈಲು ಕಂಡಿದ್ದಾರೆ. ನಾನು ಅದನ್ನು ಒಂದು ಹುಡುಗಿಯ ಬಾಯಿ ಮುಚ್ಚಿಸಲು ಬಳಸಿದೆ.

ಇಪ್ಪತ್ತೆರಡು ವರ್ಷದಿಂದ ಗಂಧದಕಡ್ಡಿ ಹಚ್ಚದವನು ಅವತ್ತು ಪೂಜೆ ಮುಗಿಯುವವರೆಗೆ ಕೈ ಮುಗಿದು ನಿಂತೆ. ನಂಜುಂಡ ಪ್ರಸಾದ ಕೊಡುತ್ತಾ, ‘ಏನಣ್ಣ, ಬುದ್ಧನ ಪರ್ಮಿಶನ್ ಸಿಕ್ತಾ?’ ಅಂತ ಕಿಚಾಯಿಸಿದ. ತಿರುಗಿ ಬೈಯಬೇಕಾದವನು ಪ್ರಸಾದ ತಿಂದೆ. ಕೈ ಮುಗಿದು ನಿಂತವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ನಮ್ಮ ವೈರಿಗಳ ಆ ಹಳೆಯ ಉಪಾಯ ಎಷ್ಟು ಸುಖದ್ದು ಅಂತ ಅವತ್ತು ತಿಳಿಯಿತು.

ಮಾರನೇ ದಿನ ಕೇರಿಯ ವಿಹಾರದಲ್ಲಿ ಧಮ್ಮದೀಕ್ಷೆಯ ಸ್ಮರಣೆ. ಪಂಚಶೀಲ ಹೇಳುತ್ತಾ ಸುಳ್ಳಾಡುವುದಿಲ್ಲ ಅನ್ನುವ ಕಡೆಗೆ ಬಂದಾಗ ನನ್ನ ಬಾಯಿ ನಿಂತಿತು. ಪಕ್ಕದಲ್ಲಿದ್ದ ಮಹದೇವಮ್ಮ ತಿವಿದಳು. ‘ಯಾಕ್ರೀ, ಮರ್ತೋದ್ರಾ?’ ಮನೆಗೆ ಬಂದ ಮೇಲೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಒಲೆಗೆ ಸೌದೆ ತಳ್ಳಿ, ‘ಕಾಗ್ದುದಲ್ ಬರ್ದು ಕೊಡಿ. ಬಾಯಲ್ ಏಳುದ್ರೆ ಅರ್ದ ನುಂಗ್ಕತೀರ’ ಅಂದಳು. ಬರೆಯಲು ಒಂದು ತಿಂಗಳು ಬೇಕಾಯಿತು. ಮೊದಲು ಬರೆದದ್ದು ನಾಲ್ಕನೇ ತಾರೀಖಿನ ಆ ಆರು ಸಾಲು. ಅದನ್ನು ಹರಿದು ಹಾಕು. ಬೇಡ, ಇಟ್ಟುಕೋ.

ಈಗ ನಿನಗೆ ಅರ್ಥವಾಗದಿರಬಹುದಾದ ಒಂದು ವಿಷಯ. ತೇಜಸ್ವಿನಿಯ ಕಾಗದ ಬಂತು. ನಿಮ್ಮ ಹೆಸರು ಹೇಳುವುದಿಲ್ಲ ಅಂತ ಬರೆದಿದ್ದಾಳೆ. ಓದಿ ನನಗೆ ಕಣ್ಣೀರು ಬಂತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಉರಿ ಬಂತು. ಹೆಸರು ಅವಳಪ್ಪನದು, ಬೀಗದಕೈ ಅವಳದು, ಫೋಟೋ ಅವಳದು, ಟ್ಯಾಂಕು ಅವಳ ಮಾತು ಕೇಳುತ್ತದೆ. ಕೊನೆಗೆ ನಾನು ಮಾಡಿದ ತಪ್ಪೂ ಅವಳದೇ! ಅದನ್ನೂ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರಿಗೆ ಬರೆದುಕೊಂಡು ದೊಡ್ಡವಳಾಗಿ ಕೂತಿದ್ದಾಳೆ. ನನ್ನ ಪಾಲಿಗೆ ಏನು ಉಳಿಯಿತು? ಅವಳ ದಯೆ. ಅವಳ ಮನೆಯ ದಯೆ ಮೂರು ತಲೆಮಾರು ಕುಡಿದಾಗಿದೆ, ಇನ್ನು ಒಂದು ತೊಟ್ಟೂ ಬೇಡ.

ಆ ತಪ್ಪು ನನ್ನದು. ನನಗೆ ಬೇಕು.

ಅವಳ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರೆಯಲಿಲ್ಲ. ಹೋದ ಸೋಮವಾರ ಆಲೆಮನೆಗೇ ಹೋದೆ. ಮಹಾದೇವಸ್ವಾಮಿ ‘ಬಾ ಚನ್ನ, ಈ ಕಡೆ ತಲೆ ಹಾಕಿ ಬಾಳ ದಿನ ಆಯ್ತು’ ಅಂತ ಕುರ್ಚಿ ತೋರಿಸಿದರು. ಕೂರಲಿಲ್ಲ. ಸನಿಕೆ ತೆಗೆದುಕೊಂಡು, ಒಲೆಗೋಡೆಯ ಕಲ್ಲಿಗೆ ಅಂಟಿದ ತಳದ ಕರಿಮಡ್ಡಿಯನ್ನು ಮೊಳಕೈ ಆಳದಿಂದ ಎತ್ತಿ ಅವಳ ಬಾಟಲಿಗೆ ತುಂಬಿದೆ. ‘ಮೇಲಿಂದಲ್ಲ ಕಣಮ್ಮ. ಕಲ್ಲು ಸುಡ್ತಿರೋ ಕಡೆಯಿಂದ. ಗಾಳಿ ಆಡದಂಗೆ ಮುಚ್ಚಳ ಬಿಗಿ’ ಅಂದೆ. ತಪ್ಪು ನನ್ನದು ಅನ್ನುವ ಮಾತೂ ನಾಲಿಗೆಯ ತುದಿಯಲ್ಲಿತ್ತು. ಅವಳಪ್ಪ ನಿಂತು ನೋಡುತ್ತಿದ್ದರು. ಆಡಲಿಲ್ಲ. ಸನಿಕೆ ಒರಗಿಸಿ ಬಂದುಬಿಟ್ಟೆ. ನಿನ್ನೆ ನಂಜುಂಡನ ಕೈಲಿ ಹೇಳಿ ಕಳಿಸಿದ್ದಾಳೆ, ಗುಳ್ಳೆ ಎದ್ದಿದೆಯಂತೆ. ಕಡ್ಡಿ ಗೀರಿದರೆ ಟಪ್ ಅನ್ನುತ್ತದಂತೆ. ನನಗೆ ಪೂರ್ತಿ ಸಂತೋಷವಾಗಲಿಲ್ಲ. ಅವಳ ಬಾಟಲಿಯಲ್ಲಿ ಎದ್ದಿತಲ್ಲ ಅನ್ನಿಸಿತು. ಈ ಕಾಯಿಲೆ ಒಂದು ಕಾಗದಕ್ಕೆ ವಾಸಿಯಾಗುವಂಥದ್ದಲ್ಲ.

ಒಂದು ಮಾತು ತಿಳಿದಿರಲಿ. ನಾನು ತಪ್ಪು ಒಪ್ಪಿಕೊಂಡೆ ಅಂತ ನೀನು ಕೊಟ್ಟ ನಾಲ್ಕು ಮಾತು ರದ್ದಾಗುವುದಿಲ್ಲ. ಅಂಗನವಾಡಿಯ ಒಲೆ ರದ್ದಾಗುವುದಿಲ್ಲ. ನನ್ನನ್ನು ತೆಗೆದುಹಾಕಿದರೂ ಗೇಟಿನ ಹೊರಗೆ ನಿಂತು ಕೇಳುತ್ತೇನೆ, ಎದೆಯಿಂದಲೇ ಕೇಳುತ್ತೇನೆ. ನೀನು ಗುತ್ತಿಗೆಯವಳು ಅಂತ ತಿಳಿದ ಮೇಲೆ ನಿನ್ನ ಪರವಾಗಿಯೂ ಕೇಳುತ್ತೇನೆ.

ಇನ್ನು ವಿಚಾರಣೆ. ನನಗೆ ನೋಟೀಸು ಬಂದಿಲ್ಲ, ನನ್ನನ್ನು ಯಾರೂ ಕರೆದಿಲ್ಲ. ಕರೆಯದಿದ್ದರೂ ಬರುತ್ತೇನೆ. ನಿನ್ನ ಇಪ್ಪತ್ತನೇ ತಾರೀಖಿನ ಕಾಗದ, ಈ ಕಾಗದದ ನಕಲು, ಎರಡನ್ನೂ ಮೇಜಿನ ಮೇಲಿಡುತ್ತೇನೆ. ಬಾಯಲ್ಲಿ ಹೇಳುವುದಿಲ್ಲ, ನಿಂತು ಓದುತ್ತೇನೆ. ಆ ‘ಜಾತಿ’ಯ ಮಾತನ್ನೂ ಬಿಡದೆ ಓದುತ್ತೇನೆ. ನೀನು ನನ್ನ ಪರ ಒಂದು ಮಾತೂ ಆಡಕೂಡದು. ತೇಜಸ್ವಿನಿ ಎದುರಿಗೆ ಕೂತಿರಬೇಕು. ಅವಳು ನಡುವೆ ಎದ್ದು ‘ಪರವಾಗಿಲ್ಲ ಅಣ್ಣ’ ಅನ್ನದ ಹಾಗೆ ನೋಡಿಕೋ. ಅಷ್ಟು ಮಾಡು.

ತಾಂಡ್ಯ, ನಮ್ಮ ಶೆಡ್ಡಿನ ಆಫೀಸು ಕೋಣೆ. ಸೋಮವಾರ, ನವೆಂಬರ್ ಹತ್ತು, ಬೆಳಿಗ್ಗೆ ಹನ್ನೊಂದು ಗಂಟೆ.

ಚನ್ನಯ್ಯ